ಫೆರ್ಮಿನ್ ಚೊಕೆಯ ಬಂದೂಕು

ಬೆಳಗಿನಿಂದ ಎಲ್ಪಿದಿಯೊ ಮುದುಕನಿಗೆ ಕೂತಲ್ಲಿ ಕೂರಲಾಗಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಬೊಲಿವಿಯಾದಿಂದ ಗಡಿ ದಾಟಿ ಪರಾಗ್ವೆಯ ಅವನ ಮನೆಗೆ ಸತುರ್ನಿನಾ ಎಂಬ ಹೆಂಗಸು ಬರುವವಳಿದ್ದಳು. ಚಾಕೊ ಯುದ್ಧದಲ್ಲಿ ಪರಾಗ್ವೆಯವರು ಕಿತ್ತುಕೊಂಡ ಬೊಲಿವಿಯಾದ ಬಂದೂಕುಗಳನ್ನು ನಲವತ್ತು ವರ್ಷದಿಂದ ಕೂಡಿಹಾಕಿದವನು ಇವನು. ಅವುಗಳ ನಂಬರು ಪತ್ರಿಕೆಯಲ್ಲಿ ಬಂದದ್ದೇ ತಡ, ಅವಳ ಪತ್ರ ಬಂತು: 'ಅದರಲ್ಲೊಂದು ನಮ್ಮಪ್ಪ ಫೆರ್ಮಿನ್ ಚೊಕೆಯದು; ಅವನ ಸೈನ್ಯದ ಕಾಗದದಲ್ಲಿ ಅದೇ ನಂಬರಿದೆ. ಅಪ್ಪನ ಮುಖ ನಾನು ಕಂಡಿಲ್ಲ. ಮರದ ಹಿಡಿಯ ಮೇಲೆ ಅವನು ಕೆತ್ತಿದ ಗುರುತಿದೆಯಂತೆ. ಒಮ್ಮೆ ಮುಟ್ಟಿ ನೋಡಬೇಕು.'

ಗುರುತೂ ಇಲ್ಲ, ಮಣ್ಣೂ ಇಲ್ಲ! ಶೋಕಿ ಹತ್ತಿದ ಹೊಸದರಲ್ಲಿ, ಬಂದೂಕು ಲಕಲಕ ಹೊಳೆಯಬೇಕೆಂದು ಹಿಡಿಯನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ ವಾರ್ನಿಶ್ ಬಳಿದಿದ್ದ. ಏನು ಕೆತ್ತಿತ್ತೆಂದು ನೋಡಿಯೂ ಇರಲಿಲ್ಲ. ಹಳೆಯ ಗೀರೇ ಬಂದೂಕಿನ ಜೀವ ಎಂದು ತಿಳಿದ ಮೇಲೆ ಮರಕ್ಕೆ ಚಾಕು ಸೋಕಿಸಿದವನಲ್ಲ; ಯಾರಿಗೂ ಮುಟ್ಟಗೊಡುತ್ತಲೂ ಇರಲಿಲ್ಲ. ನಿನ್ನೆ ಆ ವ್ರತ ಮುರಿದಿದ್ದ. ಫೆರ್ಮಿನ್ ಚೊಕೆಯ ಹೆಸರಿನ ಮೊದಲಕ್ಷರ ಎರಡನ್ನು ಕೊರೆದು, ಹೊಸತೆಂದು ಕಾಣದಂತೆ ಮಸಿ, ಎಣ್ಣೆ ತಿಕ್ಕಿದ್ದ.

“ಅಪ್ಪನ್ನೇ ಕಾಣದೋಳಿಗೆ ಟೋಪಿ ಹಾಕ್ತೀಯಲ್ಲ, ನಾಚಿಕೆ ಆಗಲ್ವಾ?” ಕುಡಿಯಲು ತೆರೆರೆ ಸೊಪ್ಪಿಗೆ ತಣ್ಣೀರು ಸುರಿಯುತ್ತ ಹೆಂಡತಿ ನಿಕಾಸಿಯಾ ಕುಟುಕಿದಳು.

“ಅಷ್ಟು ದೂರದಿಂದ ಬಂದೋಳಿಗೆ ಬರೀ ಮರ ತೋರಿಸ್ಲಾ? ನೀನು ಬಾಯಿ ಬಿಟ್ಟೀಯೆ, ಹುಷಾರು!”

ಸತುರ್ನಿನಾ ಬಂದಳು, ತಲೆ ನರೆತ ಸಣ್ಣ ಜೀವ. ಚಿಪಾ ರೊಟ್ಟಿ ಕೊಟ್ಟರೆ ಮುಟ್ಟಲಿಲ್ಲ. ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದಳು.

“ಇದನ್ನ ಯಾರು ಕೆತ್ತಿದ್ದಣ್ಣ?”

“ನಿಮ್ಮಪ್ಪ ಅಲ್ವಾ ತಾಯಿ, ಮತ್ಯಾರು?”

“ನಮ್ಮಪ್ಪನಿಗೆ ಅಕ್ಷರಾನೇ ಬರ್ತಿರ್ಲಿಲ್ಲ. ನಮ್ಮನೆ ಕುರಿಗಳ ಕಿವಿಗೆ ಹಾಕೋ ಗುರುತು ಕೆತ್ತಿದ್ನಂತೆ, ಎರಡು ಓರೆ ಕಚ್ಚು. ಯುದ್ಧದಿಂದ ಜೀವಂತ ವಾಪಸ್ ಬಂದ ಜೊತೆಗಾರ ಹೇಳಿದ್ದ.”

ನಿಕಾಸಿಯಾ ಮುಖ ತಿರುಗಿಸಿದಳು.

“ನಾನೇ ತಾಯಿ. ಅದನ್ನ ಉಜ್ಜಿ ಹಾಕಿದ ಪಾಪೀನೂ ನಾನೇ, ನಿನ್ನೆ ಇದನ್ನ ಕೊರೆದ ಕಳ್ಳನೂ ನಾನೇ,” ಎಂದವನು ಅತ್ತೇಬಿಟ್ಟ.

ಸತುರ್ನಿನಾ ಕೈ ಚಾಚಿದಳು.

“ಕೊರೆದ ಆ ಚಾಕು ಇತ್ಲಾಗೆ ಕೊಡು.”

ಅಕ್ಷರಗಳ ಪಕ್ಕದಲ್ಲಿ ಮೊದಲ ಕಚ್ಚು ಹಾಕುವಾಗ ತೊಡೆಯ ಮೇಲಿನ ಬಂದೂಕು ಅಲುಗಿ ಚಾಕು ಜಾರಿತು. ಯಾರಿಗೂ ಬಂದೂಕು ಮುಟ್ಟಗೊಡದ ಎಲ್ಪಿದಿಯೊ ಅವಳೆದುರು ನೆಲದ ಮೇಲೆ ಕೂತು, ಅಲುಗಾಡದಂತೆ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡ.