ತಾಯಿಯ ಸೀರೆಗೆ ಎಂಜಲಾಗದ ನೂಲು

ಬನಶಂಕರಿ ತಾಯಿಯನ್ನು ನಂಬಿದ ಎಲ್ಲ ಬಂಧುಗಳಿಗೆ ಬೆಳಗಾವಿ ವಡಗಾವಿಯ ನೇಕಾರ ಈರಣ್ಣನ ಶರಣು. ಬರೆದು ರೂಢಿ ಇಲ್ಲದವನು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಬೇಕು. ಹೋದ ವರ್ಷ ದೀಪಾವಳಿ ಮುಗಿಯುತ್ತಲೇ ನನ್ನ ದವಡೆ ನನ್ನ ಮಾತು ಕೇಳುವುದನ್ನು ಬಿಟ್ಟಿತು.

ಮೊದಲು ಕಿವಿಯ ಮುಂದೆ ಕಟಕ್ ಎಂಬ ಸದ್ದು, ಆಮೇಲೆ ನೋವು. ಕಿವಿನೋವೆಂದು ಕಿವಿಗೆ ಔಷಧಿ ಬಿಟ್ಟುಕೊಂಡೆ. ಹಲ್ಲುನೋವೆಂದು ಹಟ ಹಿಡಿದು ಚೆನ್ನಾಗಿದ್ದ ಹಲ್ಲೊಂದನ್ನು ಕೀಳಿಸಿಕೊಂಡೆ. ನೋವು ಮಾತ್ರ ಕದಲಲಿಲ್ಲ. ಬೆಳಿಗ್ಗೆ ಎದ್ದರೆ ಹಲ್ಲುಜ್ಜುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ. ನನ್ನ ಹೆಂಡತಿ ಕಸ್ತೂರಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಕಿವುಚಿ ಕೊಡುತ್ತಿದ್ದಳು.

ಪವರ್‌ಲೂಮ್ ನಡೆಸಲು ಕೈಕಾಲು ಇದ್ದರೆ ಸಾಕೆಂದು ನೋಡುವವರು ತಿಳಿಯುತ್ತಾರೆ. ನಮಗೆ ಬಾಯಿಯೂ ಒಂದು ಕೈ. ಎಳೆ ಹರಿದರೆ ಗಂಟು ಹಾಕಿ ತುದಿಯನ್ನು ಹಲ್ಲಿನಿಂದ ಕಡಿಯುತ್ತೇವೆ. ಲಾಳಿಯೊಳಗಿನ ನೂಲು ಮುಗಿದರೆ ಬೇರೆ ಹಾಕಿ, ಲಾಳಿಯ ಸಣ್ಣ ತೂತಿಗೆ ತುಟಿಯಿಟ್ಟು ಎಳೆಯನ್ನು ಹೀರಿ ಹೊರತೆಗೆಯುತ್ತೇವೆ. ಅದು ನನ್ನಿಂದ ಆಗದಾಯಿತು. ಹೀರಲು ಹೋದರೆ ನೋವು ನೆತ್ತಿಗೇರಿ ಕಣ್ಣಲ್ಲಿ ನೀರು ಬರುತ್ತಿತ್ತು. ಮಗ್ಗ ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಮಾಲೀಕರು ಬೈಯಲಿಲ್ಲ. ನಾನು ನಡೆಸುತ್ತಿದ್ದ ಎರಡು ಮಗ್ಗಗಳಲ್ಲಿ ಒಂದನ್ನು ಸುಮ್ಮನೆ ಬೇರೆಯವನಿಗೆ ಕೊಟ್ಟರು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಉಳಿದದ್ದೂ ಹೋದರೆ ಏನು ಮಾಡಲಿ? ನೇಯುವುದು ಬಿಟ್ಟರೆ ನನಗೆ ಬೇರೇನೂ ಬಾರದು.

ಬೆಳಗಾವಿಯ ದೊಡ್ಡ ದಂತ ಆಸ್ಪತ್ರೆಗೆ ಹೋದೆ. ಡಾಕ್ಟರ್ ಬಾಯಿ ನೋಡಿ, ಇದು ದವಡೆಯ ಕೀಲಿನ ತೊಂದರೆ, ಕೀಲಿಗೆ ವಿಶ್ರಾಂತಿ ಕೊಡದಿದ್ದರೆ ಹೆಚ್ಚಾಗುತ್ತದೆ ಎಂದರು. ಗಟ್ಟಿ ಪದಾರ್ಥ ಕಡಿಯುವ ಚಟವಿದೆಯೇ ಎಂದು ಕೇಳಿದರು. ಇಲ್ಲವೆಂದೆ. ನೂಲನ್ನು ಗಟ್ಟಿ ಪದಾರ್ಥವೆಂದು ಯಾವ ನೇಕಾರ ಎಣಿಸಿಯಾನು? ಮಾತ್ರೆ ತೆಗೆದುಕೊಂಡು ನೆಟ್ಟಗೆ ಮಗ್ಗಕ್ಕೆ ಹೋಗಿ, ಅದೇ ಹಲ್ಲಿನಿಂದ ನೂಲು ಕಡಿಯುತ್ತ ಕೂತೆ.

ನನ್ನ ಅಕ್ಕ ಗಂಗವ್ವನ ಮನೆ ಖಾನಾಪುರದಲ್ಲಿದೆ. ಗುಂಜಿಯ ಹತ್ತಿರದ ಇಟ್ಟಿಗೆ ಭಟ್ಟಿಗೆ ಕಾವಲಿನವನು ಬೇಕಂತೆ, ಬಂದು ಕೇಳು ಎಂದು ಹೇಳಿ ಕಳಿಸಿದ್ದಳು. ಮನಸ್ಸಿಲ್ಲದ ಮನಸ್ಸಿನಿಂದ ಖಾನಾಪುರದ ಬಸ್ ಹತ್ತಿದೆ. ದೇಸೂರು ದಾಟಿದ ಮೇಲೆ ಒಂದು ಆಕಳಿಕೆ ಬಂತು. ತೆರೆದ ಬಾಯಿ ಮುಚ್ಚಲೇ ಇಲ್ಲ.

ಆ ಹೆದರಿಕೆಯನ್ನು ಹೇಗೆ ಹೇಳಲಿ? ಕೈಯಿಂದ ಗದ್ದ ಒತ್ತಿದೆ, ಜಗ್ಗಿದೆ. ಜೊಲ್ಲು ಅಂಗಿಯ ಮೇಲೆ ಸುರಿಯುತ್ತಿತ್ತು. ಏನಾಯಿತೆಂದು ಕಂಡಕ್ಟರ್ ಕೇಳಿದರೆ ಆ ಆ ಎನ್ನುವುದಷ್ಟೇ ನನ್ನಿಂದಾದದ್ದು. ಮೂರ್ಛೆ ರೋಗವೆಂದು ಯಾರೋ ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಬಾಜು ಕೂತಿದ್ದ ಮುಸ್ಲಿಂ ತಾಯಿಯೊಬ್ಬರು ತಮ್ಮ ಕರವಸ್ತ್ರದಿಂದ ನನ್ನ ಬಾಯಿ ಮರೆಮಾಡಿ ಬೆನ್ನು ಸವರುತ್ತ ಬಂದರು. ಇನ್ನು ಸಾಯುವತನಕ ಹೀಗೇ ಬಾಯಿ ತೆರೆದುಕೊಂಡೇ ಇರುತ್ತೇನೆಂದು ನನಗೆ ಖಾತ್ರಿಯಾಗಿತ್ತು. ಖಾನಾಪುರದ ಆಸ್ಪತ್ರೆಯಲ್ಲಿ ಡಾಕ್ಟರ್ ಎರಡೂ ಹೆಬ್ಬೆರಳು ಒಳಗಿಟ್ಟು, ಕೆಳಕ್ಕೊತ್ತಿ ಹಿಂದಕ್ಕೆ ತಳ್ಳಿದಾಗ ದವಡೆ ಕೂತಿತು. ಮತ್ತೆ ಹೀಗಾಗಬಹುದು, ಎಚ್ಚರವಿರಲಿ ಎಂದರು.

ಅಕ್ಕನ ಮನೆಯಲ್ಲಿ ಗಂಜಿ ಕುಡಿಯುತ್ತ ಅತ್ತುಬಿಟ್ಟೆ. ಭಟ್ಟಿಗೇ ಹೋಗುತ್ತೇನೆ ಎಂದೆ. ಅಕ್ಕ ಹೇಳಿದಳು: "ಮಗ್ಗ ಬಿಡೂದಿದ್ರ ಬಿಡು ತಮ್ಮಾ. ಆದ್ರ ನಮ್ಮವ್ವ ಹರಕಿ ಹೊತ್ತಿದ್ದ ಸೀರಿ ಬನಶಂಕರಿ ತಾಯಿಗೆ ಇನ್ನೂ ಮುಟ್ಟಿಲ್ಲ. ಅದೊಂದ ನೇಯ್ದು ಆಮ್ಯಾಲ ಬಿಡು."

ತಾಯಿಗೆ ನೇಯುವ ಸೀರೆಗೆ ನಮ್ಮಲ್ಲಿ ಒಂದು ಮಡಿಯಿದೆ. ನೂಲು ಎಂಜಲಾಗಬಾರದು. ಆದ್ದರಿಂದ ಹಲ್ಲಿನಿಂದ ಕಡಿಯುವಂತಿಲ್ಲ, ತುಟಿಯಿಂದ ಹೀರುವಂತಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೌನದಿಂದ ನೇಯಬೇಕು. ದಿನಕ್ಕೆ ಗೇಣಿನಷ್ಟೇ ನೇಯ್ದು, ಸೀರೆ ಮುಗಿಯುವ ತನಕ, ಅಂದರೆ ಸುಮಾರು ಒಂದು ತಿಂಗಳು, ಎಲೆಅಡಿಕೆಯೂ ಇಲ್ಲ. ಉಳಿದಿದ್ದ ಮಗ್ಗದಲ್ಲಿ ಅದನ್ನು ನೇಯಲು ಮಾಲೀಕರು ಒಪ್ಪಿದರು. ಎಳೆ ತೆಗೆಯಲು ಸಣ್ಣ ತಂತಿಯ ಕೊಕ್ಕೆ, ಕಡಿಯಲು ಪುಟ್ಟ ಕತ್ತರಿ ಇಟ್ಟುಕೊಂಡು ಕೂತೆ. ನನ್ನ ಕೊನೆಯ ಸೀರೆ ಇದು ಎಂದುಕೊಂಡೇ ಕೂತದ್ದು. ಆಕಳಿಕೆ ಬಂದಾಗಲೆಲ್ಲ ಜೀವ ಬಾಯಿಗೆ ಬಂದು, ಗದ್ದ ಹಿಡಿದುಕೊಂಡು ಒಳಗೊಳಗೇ ತಾಯಿಯನ್ನು ಕರೆಯುತ್ತಿದ್ದೆ.

ನೇಯ್ಗೆ ಸೆರಗಿಗೆ ಬಂದಾಗ ಕಸ್ತೂರಿ ಒಂದು ಮಾತು ಕೇಳಿದಳು. "ಇವತ್ತ ರೊಟ್ಟಿ ನೆನೆಸೂದು ಮರ್ತಿದ್ದೆ. ಹಂಗ ತಿಂದೀರಲ್ಲ, ನೋವಾಗ್ಲಿಲ್ಲೇನ್ರಿ?"

ಆಗಿರಲಿಲ್ಲ. ಖುಷಿಪಡಲೂ ಹೆದರಿಕೆಯಾಯಿತು, ಯಾರಿಗೂ ಹೇಳಲಿಲ್ಲ. ಪುಷ್ಯದ ಬನದ ಹುಣ್ಣಿಮೆಯ ದಿನ ನಮ್ಮ ಓಣಿಯ ಗುಡಿಯಲ್ಲಿ ತಾಯಿಗೆ ಆ ಸೀರೆ ಉಡಿಸಿದರು. ಮಂಗಳಾರತಿಗೆ ಎಲ್ಲರೂ ಜಯಕಾರ ಹಾಕಿದರು, ನಾನೂ ಹಾಕಿದೆ. ಬಾಯಿ ತುಂಬ ಕೂಗಿದ್ದೇನೆಂದು ತಿಳಿದದ್ದು ಕೂಗಿ ಮುಗಿದ ಮೇಲೆ.

ಮತ್ತೆ ದಂತ ಆಸ್ಪತ್ರೆಗೆ ಹೋಗಿ ಎಲ್ಲ ಹೇಳಿದೆ. ನೂಲು ಕಡಿಯುವ ಸಂಗತಿ ಮೊದಲೇ ಗೊತ್ತಿದ್ದರೆ ಅದನ್ನೇ ಬಿಡಿಸುತ್ತಿದ್ದೆ, ಇನ್ನು ಮುಂದೆಯೂ ಹೀಗೇ ನೇಯಿರಿ ಎಂದರು ಡಾಕ್ಟರ್. ಇದರಲ್ಲಿ ಪವಾಡವೇನು ಬಂತು, ಕೀಲಿಗೆ ವಿಶ್ರಾಂತಿ ಸಿಕ್ಕಿತು ಅಷ್ಟೇ ಎನ್ನುವವರಿದ್ದಾರೆ. ಇರಲಿ. ಡಾಕ್ಟರ್ ಬಾಯಿಬಿಟ್ಟು ಕೇಳಿದಾಗಲೂ ನನಗೆ ಹೊಳೆಯದ್ದನ್ನು, ತಾಯಿ ನನ್ನ ಬಾಯಿಗೆ ಬಟ್ಟೆ ಕಟ್ಟಿಸಿ ತಿಳಿಸಿಕೊಟ್ಟಳು.

ನಾನು ಭಟ್ಟಿಗೆ ಹೋಗಲಿಲ್ಲ. ಕೈಬಿಟ್ಟು ಹೋಗಿದ್ದ ಮಗ್ಗವೂ ತಿರುಗಿ ಬಂದಿದೆ. ಹೆದರಿಕೆ ಪೂರ್ತಿ ಹೋಗಿದೆ ಎಂದರೆ ಸುಳ್ಳಾದೀತು. ಈಗಲೂ ಆಕಳಿಕೆ ಬಂದರೆ ಗದ್ದಕ್ಕೆ ಕೈ ಹೋಗುತ್ತದೆ, ತಾಯಿಯ ಹೆಸರು ಬರುತ್ತದೆ. ನಾನು ನೇಯ್ದ ಸೀರೆಗಳು ಯಾವ ಊರಿಗೆ ಹೋಗುತ್ತವೋ, ಯಾರು ಉಡುತ್ತಾರೋ ನನಗೆ ಗೊತ್ತಿಲ್ಲ. ಒಂದೇ ಒಂದು ಎಳೆಯನ್ನೂ ಎಂಜಲು ಮಾಡದೆ, ಎಲ್ಲವನ್ನೂ ಅವಳಿಗೆಂದೇ ನೇಯುತ್ತಿದ್ದೇನೆ.