ತುಂಬಿ ಮರಳಿದ ಬುತ್ತಿ

ಇಷ್ಟು ವರ್ಷ ಮಾಸ್ತರಿಕೆ ಮಾಡಿದರೂ ನಾನು ವೇದಿಕೆಯ ಮೇಲೆ ನಿಂತು ಯಾರಿಗೂ ಉಪದೇಶ ಮಾಡಿದವನಲ್ಲ. ಇದನ್ನು ನನ್ನ ದೊಡ್ಡತನವೆಂದು ತಿಳಿಯಬೇಡಿ. ನನಗೆ ಯಾವಾಗಲೂ ವಂದನಾರ್ಪಣೆಯನ್ನೇ ಕೊಡುತ್ತಾರೆ. ಗದಗಿನ ನಮ್ಮ ಕಾಲೇಜಿನಲ್ಲಿ ಸ್ವಾಗತ ಮಾಡುವವರಿಗೆ ಒಳ್ಳೆಯ ಕಂಠ ಬೇಕು, ಉಪದೇಶ ಮಾಡುವವರಿಗೆ ಒಳ್ಳೆಯ ಕೋಟು ಬೇಕು. ವಂದನಾರ್ಪಣೆಗೆ ಎರಡೂ ಬೇಡ. ನನ್ನ ಸರದಿ ಬರುವಷ್ಟರಲ್ಲಿ ಜನ ಎದ್ದು ಚಹಾದ ಕಡೆ ಹೊರಟಿರುತ್ತಾರೆ. ನಾನು ಮೈಕಿನವರಿಗೆ, ಶಾಮಿಯಾನದವರಿಗೆ, ಕೊನೆಗೆ ಕುರ್ಚಿಗಳಿಗೂ ಧನ್ಯವಾದ ಹೇಳಿ ಇಳಿಯುತ್ತೇನೆ. ಕುರ್ಚಿಗಳಾದರೂ ಕೊನೆಯವರೆಗೆ ಇದ್ದು ಕೇಳುತ್ತವೆ.

ಪ್ರಥಮ ವರ್ಷದ ಮಕ್ಕಳ ಸ್ವಾಗತ ಸಮಾರಂಭವೆಂದರೆ ನಮ್ಮಲ್ಲಿ ಉಪದೇಶದ ಸುಗ್ಗಿ. ಆ ಮಕ್ಕಳನ್ನು ನೀವು ನೋಡಬೇಕು. ಶಿರಹಟ್ಟಿಯವರು ಗುಂಪು ಬಿಟ್ಟು ಅಗಲುವುದಿಲ್ಲ. ಒಬ್ಬ ನೀರು ಕುಡಿಯಲು ಎದ್ದರೆ ಇಡೀ ಬೆಂಚಿಗೆ ನೀರಡಿಕೆ. ಮುಂಡರಗಿಯವರ ಒಂದು ಕಣ್ಣು ಕರಿಹಲಗೆಯ ಮೇಲೆ, ಇನ್ನೊಂದು ಬಸ್ಸಿನ ವೇಳೆಯ ಮೇಲೆ. ಲಕ್ಷ್ಮೇಶ್ವರದವರು ಬಹಳ ಬುದ್ಧಿವಂತರು. ನಾನೂ ಲಕ್ಷ್ಮೇಶ್ವರದವನೇ ಆದ್ದರಿಂದ ಈ ವಿಷಯದಲ್ಲಿ ಹೆಚ್ಚು ಹೇಳುವುದು ಚೆನ್ನಾಗಿರುವುದಿಲ್ಲ.

ಈ ವರ್ಷ ಉಪದೇಶಕ್ಕೆಂದು ಹುಬ್ಬಳ್ಳಿಯಿಂದ ವ್ಯಕ್ತಿತ್ವ ವಿಕಸನದವರೊಬ್ಬರನ್ನು ಕರೆಸಿದ್ದರು. ಸೆಖೆಯಲ್ಲಿ ನಾವೆಲ್ಲ ಕರಗುತ್ತಿದ್ದಾಗ ಅವರು ಕೋಟು ಬಿಚ್ಚಲಿಲ್ಲ. ವ್ಯಕ್ತಿತ್ವ ಅಷ್ಟು ವಿಕಸಿಸಿತ್ತು. "ಈ ಗೇಟಿನೊಳಗೆ ಕಾಲಿಡುವಾಗ ನಿಮ್ಮ ಹಳ್ಳಿಯನ್ನು ಹೊರಗೇ ಬಿಟ್ಟು ಬನ್ನಿ. ನಿಮ್ಮ ನಡೆ, ನುಡಿ, ಉಡುಪು, ಊಟ ಎಲ್ಲ ಬದಲಾಗಬೇಕು" ಎಂದರು. ಚಪ್ಪಾಳೆ ಬಿತ್ತು. ಪ್ರಾಚಾರ್ಯರು ತಲೆದೂಗಿದರು. ನಾನು ಎದ್ದು ಆ ಅಮೂಲ್ಯ ಮಾತುಗಳಿಗೆ ಎಲ್ಲರ ಪರವಾಗಿ ಕೃತಜ್ಞತೆ ಸಲ್ಲಿಸಿದೆ.

ಈ ಹಳ್ಳಿ ಎಂಬುದು ಎಲ್ಲಿದೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಹುಬ್ಬಳ್ಳಿಯವರಿಗೆ ಗದಗ ಹಳ್ಳಿ. ಗದಗಿನವರು ಮುಂಡರಗಿಯನ್ನು ತೋರಿಸುತ್ತಾರೆ. ಮುಂಡರಗಿಯವರಿಗೆ ಹೊಳೆದಂಡೆಯ ಕೊರ್ಲಹಳ್ಳಿ ಹಳ್ಳಿ. ಕೊರ್ಲಹಳ್ಳಿಯವರನ್ನು ಕೇಳಿದರೆ ಹೊಳೆಯ ಆಚೆ ದಂಡೆಗೆ ಕೈ ಮಾಡುತ್ತಾರೆ. ಹಳ್ಳಿ ಯಾವಾಗಲೂ ಮುಂದಿನ ಸ್ಟಾಪಿನಲ್ಲೇ ಇರುತ್ತದೆ. ಹೀಗಿರುವಾಗ ಯಾರು ಯಾವುದನ್ನು ಗೇಟಿನ ಹೊರಗೆ ಬಿಡಬೇಕು, ನೀವೇ ಹೇಳಿ.

ಅದೃಷ್ಟವಶಾತ್ ಇಂಥ ಉಪದೇಶವನ್ನು ನಮ್ಮ ಮಕ್ಕಳು ಕೇಳುವುದಿಲ್ಲ. ಕೇಳಿದ್ದರೆ ಈ ನಾಡು ಎಂದೋ ಹಾಳಾಗಿ ಹೋಗುತ್ತಿತ್ತು. ಆದರೆ ಈ ಸಲ ಮೊದಲ ಸಾಲಿನಲ್ಲಿ ಗಿರಿಜಾ ಎಂಬ ಹುಡುಗಿ ಕೂತಿದ್ದಳು, ಕೊರ್ಲಹಳ್ಳಿಯವಳು. ಅವರ ಮನೆಯಲ್ಲಿ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಪಾಪ, ಆಕೆ ಕೇಳಿಬಿಟ್ಟಳು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಊರು ಬಿಟ್ಟು ಗದಗಿನಲ್ಲಿ ರೂಮು ಹಿಡಿದು ಓದುವ ಮಕ್ಕಳಿಗೆ ಮನೆಯಿಂದ ಬುತ್ತಿ ಬರುತ್ತದೆ. ಅವ್ವ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಪಲ್ಯ, ಚಟ್ನಿ, ಮೊಸರು ಡಬ್ಬಿಗೆ ತುಂಬಿ, ಅರಿವೆಯಲ್ಲಿ ಗಂಟು ಕಟ್ಟಿ ಮುಂಜಾನೆಯ ಬಸ್ಸಿಗೆ ಕೊಡುತ್ತಾಳೆ. ಕಂಡಕ್ಟರು ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಊರಿನ ಹೆಸರು ಹಿಡಿದು ಕೂಗುತ್ತಾನೆ. ಮಕ್ಕಳು ಓಡಿ ಬಂದು ಇಸಿದುಕೊಳ್ಳುತ್ತಾರೆ. ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ಊರಿಗೆ ಮರಳುತ್ತದೆ. ಹಿಂದಿನ ಕಾಲದಲ್ಲಿ ವಾರಾನ್ನವಿತ್ತು. ಓದುವ ಹುಡುಗ ದಿನಕ್ಕೊಂದು ಮನೆಯ ಪಡಸಾಲೆಯಲ್ಲಿ ಉಂಡು ಬರುತ್ತಿದ್ದ. ಅದಕ್ಕೂ ಹಿಂದೆ ಗುರುಕುಲದ ಶಿಷ್ಯ ಜೋಳಿಗೆ ಹಿಡಿದು ಭಿಕ್ಷೆಗೆ ಹೋಗುತ್ತಿದ್ದ. ಇತಿಹಾಸದ ಮಾಸ್ತರನಾಗಿ ಹೇಳುತ್ತೇನೆ: ವಿದ್ಯೆಯ ಚರಿತ್ರೆಯಲ್ಲಿ ಅರ್ಧ ಪಾಲು ಊಟದ ಚರಿತ್ರೆಯೇ. ಪರೀಕ್ಷೆಗೆ ಮಾತ್ರ ಉಳಿದರ್ಧವನ್ನು ಕೇಳುತ್ತಾರೆ.

ಆ ಸಮಾರಂಭ ಮುಗಿದ ಕೆಲವೇ ದಿನಗಳಲ್ಲಿ ಗಿರಿಜಾ ತನ್ನ ಹೊಸ ಗೆಳತಿ ಶ್ವೇತಾಳ ಜೊತೆ ಬುತ್ತಿ ತರಲು ಹೋಗಿದ್ದಾಳೆ. ಶ್ವೇತಾ ಗದಗಿಗೆ ಅಂಟಿಕೊಂಡ ಬೆಟಗೇರಿಯವಳು, ಅಂದರೆ ತನ್ನ ಲೆಕ್ಕದಲ್ಲಿ ಮಹಾನಗರದವಳು. ಕಂಡಕ್ಟರು ಫುಟ್‌ಬೋರ್ಡಿನ ಮೇಲೆ ನಿಂತು ಬಸ್‌ಸ್ಟ್ಯಾಂಡೆಲ್ಲ ಕೇಳುವಂತೆ, "ಏ ಕೊರ್ಲಹಳ್ಳಿ ಗಿರಿಜವ್ವಾ! ನಿಮ್ಮವ್ವ ಹೇಳ್ಯಾಳ, ಮೊಸರು ಚೆಲ್ಲೀತು, ಸೀದಾ ಹಿಡಕೊಂಡು ಹೋಗಬೇಕಂತ!" ಎಂದು ಕೂಗಿದ. ಶ್ವೇತಾ ನಕ್ಕಳು. ನಕ್ಕಿದ್ದು ಇಷ್ಟೇ ಇಷ್ಟು. ಆದರೆ ಹದಿನೆಂಟರ ವಯಸ್ಸಿಗೆ ಅಷ್ಟು ಸಾಕು. ಮರುದಿನದಿಂದ ಗಿರಿಜಾ ಬಸ್‌ಸ್ಟ್ಯಾಂಡಿನ ದಾರಿಯನ್ನೇ ಬಿಟ್ಟಳು. ಮಧ್ಯಾಹ್ನ ಗೆಳತಿಯರ ಜೊತೆ ಗಾಡಿಯ ಮುಂದೆ ನಿಂತು ಒಂದು ತಟ್ಟೆ ಗೋಬಿ ಮಂಚೂರಿಯನ್ನು ನಾಲ್ವರು ಹಂಚಿಕೊಂಡು ನಾಗರಿಕಳಾದಳು. ರಾತ್ರಿಗೆ ಬಿಸ್ಕೀಟು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನನ್ನ ಕ್ಲಾಸಿನಲ್ಲಿ ಆಕೆ ಬೆಂಚಿಗೆ ತಲೆಯಿಟ್ಟು ಮಲಗಿದ್ದನ್ನು ನಾನೂ ಕಂಡಿದ್ದೆ. ಅದು ನನ್ನ ಪಾಠದ ಮಾಮೂಲಿ ಪರಿಣಾಮವೆಂದು ಸುಮ್ಮನಿದ್ದೆ.

ಅತ್ತ ಕೊರ್ಲಹಳ್ಳಿಯಲ್ಲಿ ಸಂಜೆಯ ಬಸ್ಸಿನಿಂದ ಬುತ್ತಿ ಕಟ್ಟಿದ ಗಂಟು ಬಿಚ್ಚದೆ ಮರಳಿ ಬಂದಿತು. ಬಸ್ಸು ತಡವಾಗಿರಬೇಕು ಎಂದುಕೊಂಡಳು ಅವ್ವ. ಮರುದಿನವೂ ಹಾಗೇ ಬಂದಾಗ ಗಂಟು ಬಿಚ್ಚಿ ರೊಟ್ಟಿ ಎಣಿಸಿದಳು. ತುಂಬಿದ ಬುತ್ತಿ ಮನೆಗೆ ಮರಳಿತೆಂದರೆ ನಮ್ಮ ಕಡೆಯ ತಾಯಂದಿರು ಯೋಚಿಸುವುದು ಒಂದೇ: ಮಗು ಹಾಸಿಗೆ ಹಿಡಿದಿದೆ. ಇನ್ನೂ ಒಂದು ದಿನ ನೋಡಿ ಆಕೆ ಬಸ್ಸು ಹತ್ತಿದಳು. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಓಣಿಯ ಕಾಳಜಿಯೂ ಜೊತೆಗೆ ಹತ್ತಿತು: ಗಿರಿಜಾಳ ಸೋದರತ್ತೆ, ಪಕ್ಕದ ಮನೆಯಾಕೆ, ಆಕೆಯ ಓರಗಿತ್ತಿ.

ಈ ಸೈನ್ಯ ನಮ್ಮ ಕಾಲೇಜಿಗೆ ನುಗ್ಗಿದಾಗ ಪ್ರಾಚಾರ್ಯರು ನನ್ನನ್ನು ಕರೆಸಿದರು. ಬಂದವರನ್ನು ಕೈಮುಗಿದು ಕಳಿಸುವುದು ವಂದನಾರ್ಪಣೆಯವನ ಕೆಲಸ ತಾನೆ? ಎಲ್ಲರನ್ನೂ ಸ್ಟಾಫ್‌ರೂಮಿನಲ್ಲಿ ಕೂರಿಸಿ ಮರಳಿದ ಬುತ್ತಿಯ ಕಥೆ ಕೇಳಿದೆ.

"ಫೋನ್ ಮಾಡಿದ್ರೋ ಇಲ್ಲೋ?" ಎಂದು ಅವ್ವನನ್ನು ವಿಚಾರಿಸಿದೆ.

"ಮಾಡಿದೆ ರೀ ಸರ. ಉಂಡ್ಯಾ ಅಂದ್ರ ಉಂಡೆ ಅಂತಾಳ. ಡಬ್ಬಿ ನೋಡಿದ್ರ ತುಂಬಿದ್ದು ತುಂಬಿದಂಗ ಬರತೈತಿ. ಇಬ್ಬರಾಗ ಒಬ್ಬರು ಸುಳ್ಳು ಹೇಳಾಕತ್ತಾರ. ಡಬ್ಬಿ ಅಂತೂ ಅಲ್ಲ."

ಗಿರಿಜಾಳನ್ನು ಕರೆಸಿದೆವು. ಹಿಂದೆಯೇ ಶ್ವೇತಾ ಮತ್ತು ಉಳಿದ ಗೆಳತಿಯರು ಬಂದು ಬಾಗಿಲಲ್ಲಿ ನಿಂತರು. ಮಗಳ ಸೊರಗಿದ ಮುಖ ನೋಡಿದ್ದೇ ಅವ್ವ ಎದ್ದಳು. "ನಡಿ, ನಿನ್ನ ಗಂಟು ಕಟ್ಟು. ಊಟ ಬಿಟ್ಟು ಕಲಿಯೂ ಕಾಲೇಜು ನಮಗ ಬ್ಯಾಡ, ಮನಿಗೆ ಕರಕೊಂಡು ಬಾ ಅಂತ ನಿಮ್ಮಪ್ಪ ಹೇಳಿ ಕಳಿಸ್ಯಾನ" ಎಂದಳು. ಒಂದು ಹುಡುಗಿಯ ಓದು ಮೂರು ಡಬ್ಬಿ ರೊಟ್ಟಿಗೆ ಮುಗಿದುಹೋಗುವ ಹಾಗೆ ಕಂಡಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಜೀವಮಾನದ ಮೊದಲ ಉಪದೇಶಕ್ಕೆ ಗಂಟಲು ಸರಿಮಾಡಿಕೊಂಡು, "ನೋಡ್ರಿ ತಾಯಿ, ಶಿಕ್ಷಣ ಅಂದ್ರ..." ಎಂದು ಶುರುಮಾಡಿದೆ.

"ನೀವು ಸುಮ್ಮನಿರ್ರಿ ಸರ" ಎಂದಳು ಆಕೆ. ನನ್ನ ಉಪದೇಶ ಅಲ್ಲಿಗೇ ಮುಗಿಯಿತು.

ಗಿರಿಜಾ ಅಳುತ್ತಲೇ ಎಲ್ಲ ಹೇಳಿದಳು: ಕಂಡಕ್ಟರನ ಕೂಗು, ತನ್ನ ನಾಚಿಕೆ, ಹಳ್ಳಿಯನ್ನು ಗೇಟಿನ ಹೊರಗೆ ಬಿಟ್ಟು ಬರಬೇಕೆಂದು ಕೋಟಿನವರು ಹೇಳಿದ್ದು. ಶ್ವೇತಾ ನಕ್ಕಿದ್ದನ್ನು ಮಾತ್ರ ಹೇಳಲಿಲ್ಲ. ಬಾಗಿಲಲ್ಲಿದ್ದ ಶ್ವೇತಾ ಇದನ್ನು ಗಮನಿಸಿದಳು, ನಾನೂ ಗಮನಿಸಿದೆ.

"ಯಾರವಾ ಆ ಕೋಟಿನಾವ? ಅವಂಗ ಬುತ್ತಿ ಕಟ್ಟೋರು ಯಾರೂ ಇಲ್ಲೇನು?" ಎಂದು ಅವ್ವ ಕೇಳಿದಳು. ಆಮೇಲೆ ಆಕೆ ದನಿ ಇಳಿಸಿ ಅಂದಳು: "ನಾಚಿಕಿ ಆದ್ರ ನಾಳಿಯಿಂದ ಕಳಸೂದಿಲ್ಲ ಬಿಡವಾ. ಆದ್ರ ಸಂಜಿಕ ಖಾಲಿ ಡಬ್ಬಿ ಬಂತಂದ್ರ, ನನ್ನ ಮಗಳು ಉಂಡಾಳ, ಆರಾಮ ಅದಾಳ ಅಂತ ನಾ ಮಲಗತೀನಿ. ಅದೂ ಇಲ್ಲ ಅಂದ್ರ ನನಗ ಗೊತ್ತಾಗೂದು ಹ್ಯಾಂಗ?"

ಗಿರಿಜಾ ಕಣ್ಣೊರೆಸಿಕೊಂಡಳು. "ನಾ ಮನಿಗೆ ಬರೂದಿಲ್ಲ ಯವ್ವಾ. ಕಲೀತೀನಿ" ಎಂದಳು.

"ಹಂಗಾರ ಉಣ್ಣು."

ಅವ್ವ ಹೊಸ ಬುತ್ತಿಯನ್ನು ತಂದೇ ಇದ್ದಳು. ಮೌಲ್ಯಮಾಪನದ ಮೇಜಿನ ಮೇಲೆ ಗಂಟು ಬಿಚ್ಚಿದಳು. ಬಿಳಿಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎಲ್ಲರೆದುರು ತಲೆ ತಗ್ಗಿಸಿ ಗಿರಿಜಾ ಮೊದಲ ತುತ್ತು ಬಾಯಿಗಿಟ್ಟಳು. ಎರಡನೆಯ ತುತ್ತಿಗೆ ತಲೆ ತಾನಾಗಿ ಮೇಲೆದ್ದಿತು. ಹಸಿದವರಿಗೆ ಬಹಳ ಹೊತ್ತು ನಾಚಿಕೊಳ್ಳಲು ಆಗುವುದಿಲ್ಲ. ಅವ್ವ ಬಾಗಿಲ ಕಡೆ ತಿರುಗಿ, "ಅಲ್ಲೇನು ನಿಂತೀರವಾ ಬಾಯಿ ಬಿಟಗೊಂಡು? ಬರ್ರಿ, ಕುಂಡ್ರಿ" ಎಂದಳು. ಶ್ವೇತಾ ಎಣ್ಣೆಗಾಯಿಯನ್ನೇ ನೋಡುತ್ತಿದ್ದಳು. ಬಂದು ಕೂತಳು. ಅರ್ಧ ರೊಟ್ಟಿ ನನ್ನ ಪಾಲಿಗೂ ಬಂತು. ಅದಕ್ಕೆ ಸಲ್ಲಿಸಬೇಕಾದ ವಂದನೆಯನ್ನು ಬಾಯಿ ತುಂಬಿದ್ದರಿಂದ ಸಲ್ಲಿಸಲಾಗಲಿಲ್ಲ. ಖಾಲಿಯಾದ ಡಬ್ಬಿಯನ್ನು ಅರಿವೆಯಲ್ಲಿ ಕಟ್ಟಿಕೊಂಡು, "ಇದನ್ನ ನಿಮ್ಮಪ್ಪಗ ತೋರಸ್ತೀನಿ" ಎಂದು ಅವ್ವ ಮಗಳನ್ನು ಬಿಟ್ಟು ಊರಿಗೆ ಹೊರಟಳು.

ಈಗ ಕಂಡಕ್ಟರು ಕೂಗಿದರೆ ಗಿರಿಜಾ ಅವನಿಗಿಂತ ಜೋರಾಗಿ ಓಗೊಡುತ್ತಾಳೆ. ಆದರೆ ಒಂದು ತೊಂದರೆಯಾಗಿದೆ. ಬುತ್ತಿ ಕಾಲೇಜಿಗೆ ಬಂದೊಡನೆ ಶ್ವೇತಾಳಿಂದ ಹಿಡಿದು ಶಿರಹಟ್ಟಿಯ ಇಡೀ ಬೆಂಚು ಅದರ ಮೇಲೆ ಬೀಳುತ್ತದೆ. ಒಡತಿಗೆ ಉಳಿಯುವುದು ಒಂದು ಚೂರು ರೊಟ್ಟಿ ಮತ್ತು ಡಬ್ಬಿಗೆ ಮೆತ್ತಿದ ಚಟ್ನಿ. ಸಂಜೆ ಡಬ್ಬಿ ಲಕಲಕ ಹೊಳೆಯುತ್ತ ಊರಿಗೆ ಹೋಗುತ್ತದೆ. ಅಲ್ಲಿ ಅವ್ವ ನೆಮ್ಮದಿಯಿಂದ ಮಲಗುತ್ತಾಳೆ. ಮೊನ್ನೆ ನಾನು ಗಿರಿಜಾಳನ್ನು ಕರೆದು, ನಾಲ್ಕು ರೊಟ್ಟಿ ಹೆಚ್ಚು ಕಳಿಸಲು ನಿಮ್ಮ ಅವ್ವನಿಗೆ ಹೇಳಲೇ ಎಂದು ಕೇಳಿದೆ.

"ಬ್ಯಾಡ್ರಿ ಸರ. ಡಬ್ಬಿ ನೋಡಿ ಅವ್ವ ನಾ ಆರಾಮ ಅದೀನಿ ಅಂತ ತಿಳಕೊಂಡಾಳ."

"ಮತ್ತ ನಿನಗ ಹಸಿವು ಆಗೂದಿಲ್ಲೇನು?"

ಗಿರಿಜಾ ನಕ್ಕಳು. "ಹಸಿವೂ ಆಗತೈತ್ರಿ ಸರ. ಆರಾಮೂ ಅದೀನ್ರಿ."