ಇಲ್ಲೂ ಕಾಯುವುದೇ

ತಮಿಳುನಾಡಿನ ಪಾಲಕೋಡಿನಲ್ಲಿ ಬಸ್ಸಿಳಿದಾಗ ಒಂದು ಬೋರ್ಡನ್ನೂ ಓದಲಾಗಲಿಲ್ಲ, ಎಲ್ಲ ತಮಿಳು. ಅಷ್ಟರಲ್ಲಿ ಬೆನ್ನ ಹಿಂದೆ ಒಬ್ಬ ಹೆಂಗಸು, "ಅತ್ಲಾಗೆ ಓಗ್ಲಾ, ದಾರಿ ಬುಡು" ಎಂದು ಮೇಕೆಯನ್ನು ಗದರಿದಳು. ಗಂಡನ ಕೆಲಸಕ್ಕಾಗಿ ತುಮಕೂರಿನಿಂದ ಬಂದ ನನಗೆ ಎಲ್ಲಿದ್ದೇನೆಂದೇ ತಿಳಿಯಲಿಲ್ಲ.

ಇಲ್ಲಿ ಕನ್ನಡ ಮನೆಯೊಳಗಿನ ಮಾತು, ಅಕ್ಷರ ತಮಿಳಿನದು. ನಮ್ಮ ರಾಗಿಮುದ್ದೆ ಇಲ್ಲಿ ಕಳಿ. ಇದನ್ನೆಲ್ಲ ಕಲಿಸಿದವಳು ನಾನು ಕೆಲಸಕ್ಕೆ ಸೇರಿದ ಹೊಲಿಗೆ ಅಂಗಡಿಯಲ್ಲಿ ಪಕ್ಕದ ಮಿಷನ್ನಿನ ಸೆಲ್ವಿ. ಶ್ರೀಲಂಕಾದ ಯುದ್ಧದಿಂದ ಓಡಿಬಂದವರ ಮಗಳು; ಹುಟ್ಟಿದ್ದು ಈ ಜಿಲ್ಲೆಯ ನಿರಾಶ್ರಿತರ ಕ್ಯಾಂಪಿನಲ್ಲಿ. ಬಂದ ವರ್ಷವೇ ನನಗೆ ಇಲ್ಲಿನ ರೇಷನ್ ಕಾರ್ಡು ಸಿಕ್ಕಿತು. ಇಲ್ಲೇ ಹುಟ್ಟಿದ ಅವಳು ಕಾಗದದಲ್ಲಿ ಇನ್ನೂ ಪರದೇಶಿ.

ಸೆಲ್ವಿಯ ಅಣ್ಣ ಆಸ್ಟ್ರೇಲಿಯಾದ ಆಸೆಯಿಂದ ದೋಣಿ ಹತ್ತಿದ್ದ. ಆ ದೇಶದವರು ಅವನನ್ನು ಇಟ್ಟುಕೊಳ್ಳದೆ ಬೇರೊಂದು ದ್ವೀಪದೇಶಕ್ಕೆ ಸಾಗಿಸಿದರು. ಅವನ ಪಾಡು ಕೇಳಿದರೆ ಮತ್ತಾರೂ ಬರಲಾರರು ಎಂಬುದು ಅವರ ಎಣಿಕೆ. ನಾನೂ ಹಾಗೇ ನಂಬಿದ್ದೆ, ಸೆಲ್ವಿಯ ಗಂಡ ಕುಮಾರ್ ತಾನೂ ದೋಣಿ ಹತ್ತುವ ಮಾತೆತ್ತುವವರೆಗೆ.

ಅವನನ್ನು ತಡೆಯಲೆಂದು ಸೆಲ್ವಿ ಒಂದು ಭಾನುವಾರ ನಮ್ಮ ಮನೆಯೊಡತಿ ಮಾದಮ್ಮನ ಜಗಲಿಗೆ ಕರೆತಂದಳು. ಎಲ್ಲರೆದುರು ಅಣ್ಣನಿಗೆ ಫೋನ್ ಮಾಡಿದಳು.

"ವರಾದೀಂಗ ಮಚ್ಚಾನ್" ಎಂದ ಅಣ್ಣ. ಬರಬೇಡಿ ಭಾವ ಎಂದು. ಇಲ್ಲಿ ಕಾಯುವುದೇ ಕೆಲಸ ಎಂದ. ತಂಗಿಯ ಮಗುವಿಗೆ ಮಾತು ಬಂತೇ ಎಂದು ಕೇಳುತ್ತ ಅತ್ತುಬಿಟ್ಟ.

ಕುಮಾರ್ ತಲೆ ತಗ್ಗಿಸಿ ಕೇಳಿದ. ಇಲ್ಲೇ ಬೆಳೆದ ಅವನಿಗೆ ಕನ್ನಡ ಸಲೀಸು. "ಅಲ್ಲಿ ಕಾಯ್ಬೇಕು ಅಂತ ಗೊತ್ತೈತೆ ಅಕ್ಕಾ. ಇಲ್ಲೂ ಉಟ್ದಾಗ್ನಿಂದ ಕಾಯ್ತಾನೇ ಇವ್ನಿ. ಎಲೆಕ್ಟ್ರಿಕಲ್ ಡಿಪ್ಲೊಮಾ ಐತೆ, ಕ್ಯಾಂಪಿನೋನು ಅಂದೇಟ್ಗೆ ಕೆಲ್ಸ ಇಲ್ಲ ಅಂತಾರೆ. ಇನ್ನೇನ್ ತೋರ್ಸಿ ಎದ್ರುಸ್ತಾರೆ?"

ಮಾದಮ್ಮ ಎದ್ದು ಬೀದಿಬದಿಯ ಕೋಣೆಯ ಬಾಗಿಲು ತೆಗೆದರು. ಒಳಗೆಲ್ಲ ಟೊಮೇಟೊ ಕ್ರೇಟುಗಳು.

"ಇವ್ನೆಲ್ಲ ಆಚೆ ಎತ್ತಾಕು ಮಗಾ. ಮೋಟ್ರು ರಿಪೇರಿ ಅಂಗ್ಡಿ ಇಕ್ಕೊ. ಕಡ್ಲಾಗೆ ನಿನ್ನ ನಾನ್ ಎಲ್ಲಿ ಅಂತ ಉಡುಕ್ಲಿ?"

ಕುಮಾರ್ ಹೋಗಲಿಲ್ಲ. ಈಗ ಸುತ್ತಲ ತೋಟಗಳ ಪಂಪುಗಳೆಲ್ಲ ಅವನ ಕೈಗೇ ಬರುತ್ತವೆ. ದ್ವೀಪದ ಭಯ ಅವನನ್ನು ನಿಲ್ಲಿಸಿತೆಂದು ಹೇಳಲಾರೆ. ಅದೇ ಕಥೆ ಕೇಳಿಯೂ ಕ್ಯಾಂಪಿನ ಇನ್ನಿಬ್ಬರು ಹೊರಟುಹೋದರು.

ತುಮಕೂರಿಗೆ ಹೋದರೆ ಅಮ್ಮ ನನ್ನ ಕನ್ನಡಕ್ಕೆ ನಗುತ್ತಾಳೆ, ಇಲ್ಲಿ ಸೆಲ್ವಿ ನನ್ನ ತಮಿಳಿಗೆ. ಎರಡು ಕಡೆಯೂ ಅರ್ಧ ಹೊರಗಿನವಳು ನಾನು. ಕಳೆದ ಸಲ ಬಸ್ ಹತ್ತಿಸಲು ಬಂದ ಸೆಲ್ವಿ ಮೆಲ್ಲಗೆ ಕೇಳಿದಳು: "ಊರಿಗೆ ಓಗ್ಬತ್ತೀನಿ ಅನ್ನೋವಾಗ ಎಂಗಿರ್ತೈತೆ ಅಕ್ಕಾ?"

ಬಸ್ ಹೊರಡುವವರೆಗೂ ಅವಳ ಕೈ ಹಿಡಿದುಕೊಂಡೇ ಇದ್ದೆ.